ಅಗ್ಗದ ಮಚ್ಚಿಗೆ ಅಮ್ಮನ ಸಹಿ

ತಿರುವಲ್ಲಿಕ್ಕೇಣಿ, ಚೆನ್ನೈ
ಭಾನುವಾರ, ಜುಲೈ ೧೪, ೨೦೨೪

ನನ್ನ ಮುದ್ದು ಸಂಹಿತಾ,

ಹೇಗಿದ್ದೀಯೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ? ನೀನು ಕೊಯಮತ್ತೂರಿನ ಹಾಸ್ಟೆಲಿಗೆ ಹೋದಾಗಿನಿಂದ ಕಾಗದ ಬರೆಯುತ್ತೇನೆ ಅಂತ ಹೇಳುತ್ತಲೇ ಇದ್ದೇನೆ, ಬರೆದಿಲ್ಲ. ಕೋಪ ಮಾಡಿಕೊಳ್ಳಬೇಡ. ಫೋನಿನಲ್ಲಿ ಏನಾದರೂ ಹೇಳಹೊರಟರೆ ನೀನು ‘ಅಪ್ಪುರಂ ಪೇಸರೇನ್ ಮಾ’, ಆಮೇಲೆ ಮಾತಾಡ್ತೀನಿ ಅಂತ ಇಟ್ಟುಬಿಡುತ್ತೀ. ಕಾಗದಕ್ಕೆ ಆ ಭಯವಿಲ್ಲ. ಕನ್ನಡ ಅಕ್ಷರ ಕೂಡಿಸಿಕೊಂಡು ನಿಧಾನವಾಗಿ ಓದು.

ಇಲ್ಲಿ ಎಲ್ಲರೂ ಕ್ಷೇಮ. ಅಜ್ಜಿಯ ಮೊಣಕಾಲು ಪರವಾಗಿಲ್ಲ. ಮೆಟ್ರೋದವರು ಅಗೆದ ರಸ್ತೆಯಲ್ಲಿ ಸುತ್ತಿ ಬಳಸಿ ಬ್ಯಾಂಕಿನಿಂದ ಬರುವ ಅಪ್ಪ ದಿನಾ ಯಾರನ್ನಾದರೂ ಬೈದುಕೊಂಡೇ ಒಳಗೆ ಕಾಲಿಡುತ್ತಾರೆ.

ಈಗ ನನ್ನ ಸುದ್ದಿ. ಇದನ್ನು ನಿನಗೆ ಹೇಳದಿದ್ದರೆ ನನಗೆ ಹೊಟ್ಟೆ ಉಬ್ಬಿಹೋಗುತ್ತೆ.

ನಮ್ಮ ಅಂಬತ್ತೂರು ಫ್ಯಾಕ್ಟರಿಯಲ್ಲಿ ಮಾಡೋದು ಏನು ಅಂತ ನಿನಗೆ ಗೊತ್ತು. ತೋಟದ ಕೆಲಸದವರು, ಎಳನೀರು ಮಾರುವವರು ಕೊಳ್ಳುವ ದೊಡ್ಡ ಮಚ್ಚು. ಕಡಿಮೆ ಬೆಲೆ, ದಿನಕ್ಕೆ ನೂರಾರು ತಯಾರಾಗುತ್ತವೆ. ಅವನ್ನು ಪರೀಕ್ಷೆ ಮಾಡಿ, ಸರಿಯಿದ್ದರೆ ಸಹಿ ಹಾಕಿ ಹೊರಗೆ ಕಳಿಸುವವಳು ನಾನು. ಅಲಗನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಗಡಸಾಗುತ್ತೆ, ಆದರೆ ಗಾಜಿನ ಹಾಗೆ ಪೆಡಸು. ಅದನ್ನು ಮತ್ತೆ ಸಣ್ಣ ಬಿಸಿಯಲ್ಲಿ ಇಟ್ಟು ಹದಕ್ಕೆ ತರಬೇಕು. ಹದವಾದ ಮಚ್ಚು ಬಳುಕುತ್ತೆ, ಮುರಿಯೋದಿಲ್ಲ.

ಹೋದ ತಿಂಗಳು ಕೇರಳದ ಒಬ್ಬ ವ್ಯಾಪಾರಿಗೆ ಹೋಗಬೇಕಾದ ಮಾಲು ಸಿದ್ಧವಾಗಿತ್ತು. ಲಾರಿ ಬಂದು ಗೇಟಿನಲ್ಲಿ ನಿಂತಿತ್ತು. ಪೆಟ್ಟಿಗೆಗಳಿಂದ ಅಲ್ಲೊಂದು ಇಲ್ಲೊಂದು ಮಚ್ಚು ತೆಗೆದು ಗಡಸು ಅಳೆಯುವ ಮೆಷಿನ್ನಿಗೆ ಇಟ್ಟೆ. ಇರಬೇಕಾದ್ದಕ್ಕಿಂತ ಗಡಸು ಹೆಚ್ಚು ತೋರಿಸಿತು. ಮಾರಾಟದ ವಿಘ್ನೇಶ್ ಪಕ್ಕದಲ್ಲೇ ಇದ್ದ. “ಗಟ್ಟಿ ಇದ್ರೆ ನಲ್ಲದುತಾನೇ, ಒಳ್ಳೇದೇ ಅಲ್ವಾ ಮೇಡಂ? ಹರಿತ ಹೋಗಲ್ಲ” ಅಂತ ನಕ್ಕ. ನಾನು ಒಂದರ ತುದಿಯನ್ನು ಮೇಜಿಗೆ ಬಿಗಿದ ಕಬ್ಬಿಣದ ಹಿಡಿತ, ಆ ವೈಸಿಗೆ ಕಚ್ಚಿಸಿ ಹಿಡಿಯನ್ನು ಪಕ್ಕಕ್ಕೆ ಎಳೆದೆ. ಟಣ್ ಅಂತ ಎರಡು ತುಂಡು. ಅವನ ನಗು ನಿಂತಿತು.

ಅಷ್ಟರಲ್ಲಿ ಕುಲುಮೆ ನೋಡಿಕೊಳ್ಳುವ ಬಾಬು ತಾನಾಗಿ ಬಂದ. “ಹದಕ್ಕೆ ಇಟ್ಟಿದ್ದಾಗ ಕರೆಂಟ್ ಹೋಯ್ತು ಅಕ್ಕಾ. ಜನರೇಟರ್ ಹತ್ತಲಿಲ್ಲ. ಸೂಪರ್‌ವೈಸರ್ ಪರವಾಗಿಲ್ಲ ತೆಗೀ ಅಂದ್ರು” ಅಂದ. ಕೆಲಸ ಹೋದೀತು ಅಂತ ಅವನ ಮುಖ ಬಿಳಿಚಿಕೊಂಡಿತ್ತು. ಹಾಗಿದ್ದೂ ಬಂದು ಹೇಳಿದನಲ್ಲ!

ನಾನು ಸಹಿ ಹಾಕುವುದಿಲ್ಲ ಅಂದೆ. ಸುದ್ದಿ ತಿಳಿದು ಫ್ಯಾಕ್ಟರಿ ಯಜಮಾನರು ಕೃಷ್ಣರಾಜ ಅವರೇ ಕೆಳಗೆ ಇಳಿದು ಬಂದರು. ಅವರ ತಾತ ಉಡುಪಿಯಿಂದ ಬಂದು ಇಲ್ಲಿ ಹೋಟೆಲ್ ಇಟ್ಟವರು; ನನ್ನ ಹತ್ತಿರ ಕನ್ನಡದಲ್ಲೇ ಮಾತು.

“ತುಂಗಾ, ಅಗ್ಗದ ಮಚ್ಚಿಗೂ ಇಷ್ಟೊಂದು ಮಡಿಯಾ? ಈ ಬೆಲೆಗೆ ಯಾರು ಏನು ನಿರೀಕ್ಷೆ ಮಾಡ್ತಾರೆ?”

“ಸರ್, ದುಬಾರಿ ಕತ್ತಿ ಕೊಳ್ಳೋರ ಮನೇಲಿ ಇನ್ನೂ ನಾಲ್ಕು ಇರುತ್ತೆ. ಇದನ್ನ ಕೊಳ್ಳೋರ ಹತ್ರ ಇರೋದು ಇದೊಂದೇ” ಅಂದೆ. ನನಗೂ ಭಯವಿತ್ತು ಕಣೇ, ಸುಳ್ಳು ಯಾಕೆ ಹೇಳಲಿ.

“ಲಾರಿ ವಾಪಸ್ ಹೋದ್ರೆ ಈ ಗಿರಾಕಿ ಮತ್ತೆ ಬರೋದಿಲ್ಲ. ಆಗ ನೀವೂ ಇಲ್ಲಿ ಇರೋದಿಲ್ಲ. ಕೊಡಿ ಇಲ್ಲಿ” ಅಂತ ಪೆಟ್ಟಿಗೆಯಿಂದ ಒಂದು ಮಚ್ಚು ಎಳೆದುಕೊಂಡು ಕಡಿಯುವ ಕೊರಡಿನ ಹತ್ತಿರ ಹೋದರು. ಮುಖಕ್ಕೆ ಗುರಾಣಿ ಹಾಕಿಕೊಳ್ಳದ ಹೊರತು ಬೀಸಲು ಬಿಡೋದಿಲ್ಲ ಅಂತ ಅಡ್ಡ ನಿಂತೆ. ಗೊಣಗುತ್ತಾ ಹಾಕಿಕೊಂಡರು. ಎಲ್ಲರನ್ನೂ ತಂತಿ ಬಲೆಯ ಹಿಂದಕ್ಕೆ ಕಳಿಸಿದೆ. ಮೊದಲ ಏಟಿಗೆ ಏನೂ ಆಗಲಿಲ್ಲ. ನನ್ನ ಕಡೆ ತಿರುಗಿ ನೋಡಿದರು. ಎರಡನೇ ಏಟಿಗೆ ಅಲಗು ಮುರಿದು, ಹಾರಿ ಬಲೆಗೆ ಬಡಿದು ಕೆಳಗೆ ಬಿತ್ತು. ಅವರ ಕೈಯಲ್ಲಿ ಉಳಿದದ್ದು ಹಿಡಿ ಮತ್ತು ಗೇಣುದ್ದದ ಚೂರು.

“ನನ್ನ ಕುತ್ತಿಗೆಗೆ ಬಡಿದಿದ್ರೆ?” ಅಂತ ಮೆಲ್ಲಗೆ ಕೇಳಿದರು.

“ಬೇರೆಯವರ ಕುತ್ತಿಗೆಗೆ ಬಡಿಯೋದಕ್ಕೆ ಲಾರಿ ಹೊರಗೆ ಕಾಯ್ತಾ ಇದೆ ಸರ್” ಅಂದುಬಿಟ್ಟೆ.

ಲಾರಿ ಖಾಲಿ ಹೋಯಿತು. ವ್ಯಾಪಾರಿ ಫೋನಿನಲ್ಲಿ ಕೂಗಾಡಿದಾಗ ಯಜಮಾನರು ಅದನ್ನು ನನ್ನ ಕೈಗೇ ಕೊಟ್ಟರು. ಏನು ಕೆಟ್ಟಿದೆ, ಹೇಗೆ ಸರಿಮಾಡುತ್ತೇವೆ, ಎಷ್ಟು ದಿನ ಬೇಕು ಅಂತ ಮುಚ್ಚುಮರೆಯಿಲ್ಲದೆ ಹೇಳಿದೆ. ಆ ಮನುಷ್ಯ ದಿನದ ಲೆಕ್ಕ ಇನ್ನೊಮ್ಮೆ ಕೇಳಿಕೊಂಡು, ಕಾಯುತ್ತೇನೆ ಅಂದ. ಅಲ್ಲಿಂದ ಶುರುವಾಯಿತು ನೋಡು ಕೆಲಸ! ಹಿಡಿಗಳನ್ನೆಲ್ಲ ಬಿಚ್ಚಿ, ಅಲಗುಗಳನ್ನು ಮತ್ತೆ ಹದಕ್ಕೆ ಇಟ್ಟು, ಬಿರುಕು ಬಿಟ್ಟವನ್ನು ಗುಜರಿಗೆ ಹಾಕಿ, ಉಳಿದವಕ್ಕೆ ಹೊಸ ಹಿಡಿ ಕೂಡಿಸಿ... ಬಾಬು ಕುಲುಮೆ ಬಿಟ್ಟು ಕದಲಲಿಲ್ಲ. ಅವನ ಕೆಲಸಕ್ಕೆ ಏನೂ ಆಗಲಿಲ್ಲ, ಆಗಲು ನಾನು ಬಿಡಲೂ ಇಲ್ಲ.

ಮೊನ್ನೆ ಮಾಲು ಹೋಯಿತು. ವೈಸಿಗೆ ಹಾಕಿದ ಒಂದೊಂದೂ ಬಿಲ್ಲಿನ ಹಾಗೆ ಬಾಗಿ ನೆಟ್ಟಗಾಯಿತು. ಅದನ್ನು ನೋಡುವಾಗ ಆಗುವ ಖುಷಿ ಹೇಳಿದರೆ ನೀನು ನಗುತ್ತೀ. ಇನ್ನು ಮುಂದೆ ತುಂಗಾ ಅವರ ಸಹಿ ಇದ್ದರೆ ಮಾತ್ರ ಮಾಲು ತಗೊಳ್ಳುತ್ತೇನೆ ಅಂತ ಆ ವ್ಯಾಪಾರಿ ಹೇಳಿ ಕಳಿಸಿದ್ದಾನೆ. ಯಜಮಾನರು ಬಂದವರಿಗೆಲ್ಲ ನನ್ನನ್ನು ತೋರಿಸಿ “ಇವರು ಬೇಡ ಅಂದ್ರೆ ಬೇಡ, ಅಷ್ಟೇ” ಅನ್ನುತ್ತಾರೆ. ಅಪ್ಪನದಂತೂ ಕೋವಿಲ್‌ಗೆ ದೇವರ ದರ್ಶನಕ್ಕೆ ಹೋದಾಗಲೆಲ್ಲ ಇದೇ ಕಥೆ. ಅವರ ಬಾಯಲ್ಲಿ ಅಲಗು ಈಗ ಛಾವಣಿ ಸೀಳಿಕೊಂಡು ಹೋಗಿದೆ.

ಚೆನ್ನಾಗಿ ಓದು. ತಲೆಗೆ ಎಣ್ಣೆ ಹಚ್ಚಿಕೋ. ದೇವರು ನಿನಗೆ ಆರೋಗ್ಯ ಕೊಡಲಿ, ನಿಂತ ಕಡೆ ಗಟ್ಟಿಯಾಗಿ ನಿಲ್ಲುವ ಧೈರ್ಯ ಕೊಡಲಿ.

ನಿನ್ನ
ಅಮ್ಮ

ಮರೆತಿದ್ದೆ: ಶುಕ್ರವಾರ ನಾನು ಫೋನ್ ಮಾಡಿದಾಗ ನೀನು ಸ್ನಾನಕ್ಕೆ ಹೋಗಿದ್ದೆಯಂತೆ. ನಿನ್ನ ರೂಮಿನ ವೀಕ್ಷಾ ಎತ್ತಿಕೊಂಡಳು. ಒಳ್ಳೆ ಹುಡುಗಿ, ಎಷ್ಟು ಮರ್ಯಾದೆಯಿಂದ ಮಾತಾಡಿದಳು. “ಆಂಟಿ, ನೀವು ಮ್ಯಾಥ್ಸ್ ಟೀಚರ್ ಅಂತೆ, ಸಂಹಿತಾ ಯಾವಾಗಲೂ ಹೇಳ್ತಾಳೆ” ಅಂದಳು. ನಾನು ಹೌದಮ್ಮಾ ಅಂದೆ. ಅಪ್ಪನಿಗೆ ಇದನ್ನು ಹೇಳಿಲ್ಲ. ಯಾವ ಕ್ಲಾಸಿಗೆ ಪಾಠ ಮಾಡ್ತೀರಿ ಅಂತ ಕೇಳಿದಳು. ಹತ್ತನೇ ಕ್ಲಾಸಿಗೆ ಅಂದೆ.