ಮೇಲಿನ ಪದರದ ಗೆರೆ

ಓಗಿಕುಬೊ
ಆಗಸ್ಟ್ ೧೭

ಕಿನುಯೆಗೆ,

ಇಲ್ಲಿ ಬಿಸಿಲು ಇನ್ನೂ ಇಳಿದಿಲ್ಲ. ನಿನ್ನ ತವರು ತ್ಸುರುಓಕಾದಲ್ಲಿ ಸಂಜೆಗಾದರೂ ಗಾಳಿ ಆಡುತ್ತಿರಬಹುದು, ನೀನೂ ಅತ್ತೆಯವರೂ ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಮೂರು ಕಾರ್ಡುಗಳಿಗೂ ಉತ್ತರ ಬರೆಯಲಿಲ್ಲ, ಬೇಸರ ಮಾಡಿಕೊಳ್ಳಬೇಡ. ಮೂವತ್ತೊಂದು ವರ್ಷ ಒಂದೇ ಕೋಣೆಯಲ್ಲಿ ಬೆನ್ನಿಗೆ ಬೆನ್ನು ಹಾಕಿ ಕೂತು ಕೆಲಸ ಮಾಡಿದವರು ನಾವು. ಕಾಗದ ಬರೆಯುವ ಅಭ್ಯಾಸವೇ ಆಗಲಿಲ್ಲ. ಹಾಗೆ ನೋಡಿದರೆ ಮಾತಾಡುವ ಅಭ್ಯಾಸವೂ ಅಷ್ಟಕ್ಕಷ್ಟೆ.

ಈಗ ಬರೆಯುತ್ತಿರುವುದು ಒಂದು ವಿಷಯ ಕೇಳುವುದಕ್ಕೆ. ಎರಡು ತಿಂಗಳು ಎಂದು ಜನವರಿಯಲ್ಲಿ ಹೋದವಳು ನೀನು. ನಾನೇನೂ ಅವಸರ ಮಾಡುತ್ತಿಲ್ಲ, ಅತ್ತೆಯವರ ಕಾಲು ಸರಿಯಾಗುವುದು ಮುಖ್ಯ. ಆದರೆ ಸ್ಟುಡಿಯೋದ ಮುಗುರುಮಾ ಹೊಸ ಅನಿಮೇಷನ್ ಸರಣಿಗೆ ಮುಖ್ಯ ಚಿತ್ರಗಳನ್ನು ಬರೆಯುತ್ತೀರಾ ಎಂದು ಕೇಳಿದ್ದಾನೆ. ಹನ್ನೆರಡು ಕಂತು. ತಿಂಗಳ ಕೊನೆಯೊಳಗೆ ಉತ್ತರ ಬೇಕಂತೆ. ನೀನು ಯಾವಾಗ ಬರುತ್ತೀ ಎಂದು ತಿಳಿಯದೆ ನಾನು ಹೂಂ ಅನ್ನುವ ಹಾಗಿಲ್ಲ. ಯಾಕೆ ಹಾಗಿಲ್ಲ ಎಂಬುದು ನನಗೆ ಹೋದ ತಿಂಗಳು ತಿಳಿಯಿತು. ನಿನಗೆ ಮೊದಲಿನಿಂದಲೂ ತಿಳಿದಿತ್ತು.

ಮೊದಲಿನಿಂದ ಹೇಳುತ್ತೇನೆ. ನೀನು ಹೋದ ಮೇಲೆ ಸ್ಟುಡಿಯೋದಲ್ಲಿ ಕಾಗದವನ್ನು ಪೂರ್ತಿ ನಿಲ್ಲಿಸಿಬಿಟ್ಟರು. ಪೆನ್ಸಿಲ್ ಚೂಪು ಮಾಡುವ ಯಂತ್ರಗಳನ್ನು ಪೆಟ್ಟಿಗೆಗೆ ತುಂಬಿ ಮೆಟ್ಟಿಲ ಕೆಳಗೆ ಇಟ್ಟಿದ್ದಾರೆ. ಹೋದ ವರ್ಷ ನೀನು ಮನೆಯಲ್ಲಿ ಪರದೆಯ ಮೇಲೆ ಬರೆಯಲು ಕಲಿತೆಯಲ್ಲ, ಆಗ ನಾನು ಹಾಳೆಯಲ್ಲೇ ಬರೆದು, ಯಾರಿಂದಲೋ ಸ್ಕ್ಯಾನ್ ಮಾಡಿಸಿ ನಿನಗೆ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದೆ. ಈಗ ಅದು ನಡೆಯುವುದಿಲ್ಲ. ನನಗೆ ಕಲಿಸಲು ಒರಿತೊ ಎಂಬ ಹುಡುಗಿಯನ್ನು ಹಾಕಿದ್ದಾರೆ. ಇಪ್ಪತ್ತಾರು ವರ್ಷ. ಕೊಬೆಯವಳು, ಬಾಯಿ ಜೋರು, ಕೈ ಶುದ್ಧ.

ಮೊದಲ ದಿನ ಅವಳು, "ಹೊಸೋಯಾ ಸಾನ್, ಇದು ಈರುಳ್ಳಿ ಸಿಪ್ಪೆ" ಅಂದಳು. ಪರದೆಯ ಮೇಲೆ ನಾನು ಬರೆಯುತ್ತಿದ್ದ ಚಿತ್ರದ ಹಿಂದೆ, ಅದಕ್ಕೂ ಮುಂಚಿನ ಎರಡು ಚಿತ್ರಗಳು ಮಸುಕಾಗಿ ಕಂಡವು.

"ಇದಕ್ಕೆ ನಾವು ಗಾಜಿನ ಕೆಳಗೆ ದೀಪ ಹಚ್ಚುತ್ತಿದ್ದೆವು" ಅಂದೆ.

"ಗೊತ್ತು. ಬೆರಳ ಸಂದಿಗೆ ಹಾಳೆ ಸಿಕ್ಕಿಸಿಕೊಂಡು ಪಟಪಟ ಅಂತ ಆಡಿಸ್ತಾನೂ ಇದ್ರಿ. ಈಗ ಆ ಬೆರಳಿಗೆಲ್ಲಾ ಪಿಂಚಣಿ ಕೊಡಿ."

ಹೀಗೆ ದಿನಕ್ಕೆ ನಾಲ್ಕೈದು ಮಾತು ಕಲಿತೆ. ಚಲನೆ ಎಲ್ಲಿ ತಿರುಗುತ್ತದೋ ಅಲ್ಲಿನ ಚಿತ್ರ ಕೀ ಫ್ರೇಮ್. ನಾವು ಮುಖ್ಯ ಚಿತ್ರ ಎನ್ನುತ್ತಿದ್ದುದೇ ಅದು. ಪರದೆಯ ಕೆಳಗೆ ಅಡ್ಡಕ್ಕೆ ಹಾಸಿಕೊಂಡಿರುವ ಪಟ್ಟಿ ಟೈಮ್‌ಲೈನ್. ನಮ್ಮ ಸಮಯಪಟ್ಟಿ ನಿಂತಿತ್ತು, ಇದು ಮಲಗಿದೆ, ಅಷ್ಟೆ ವ್ಯತ್ಯಾಸ. ಎರಡು ಮುಖ್ಯ ಚಿತ್ರಗಳ ನಡುವಿನ ಚಿತ್ರಗಳನ್ನು ಯಂತ್ರವೇ ಬರೆಯುತ್ತದೆ ಎಂದು ಒರಿತೊ ಒಂದು ಗುಂಡಿ ತೋರಿಸಿದಳು. ಎತ್ತಿದ ಕೈ ಒಂದು, ಇಳಿಸಿದ ಕೈ ಒಂದು ಬರೆದು ಗುಂಡಿ ಒತ್ತಿದೆ. ನಡುವಿನ ಕೈ ಬೇಯಿಸಿದ ಮೂಲಂಗಿಯ ಹಾಗೆ ಬಂತು. ನಡು ಎಂದರೆ ಅದಕ್ಕೆ ಸರಿಯಾಗಿ ಅರ್ಧ. ಕೈ ಯಾವಾಗಲೂ ಅರ್ಧದಲ್ಲಿ ಇರುವುದಿಲ್ಲ ಎಂದು ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ. ನನಗೆ ಅವತ್ತು ಬಹಳ ಖುಷಿಯಾಯಿತು. ಸ್ಟುಡಿಯೋದವರೆಲ್ಲ "ಹೊಸೋಯಾ ತೂಕ" ಎಂದು ಕರೆಯುತ್ತಾರಲ್ಲ, ನನ್ನ ಮುದುಕರು ಏಳುವುದು, ಕೂರುವುದು, ಹೊರೆ ಎತ್ತುವುದು, ಅದನ್ನು ಯಾವ ಯಂತ್ರವೂ ಕಸಿಯಲಾರದು ಎಂದು ಒಳಗೊಳಗೇ ಬೀಗಿದೆ. ಆ ವಾರ ಎರಡು ದಿನ ಹಾವುಮೀನಿನ ಅನ್ನ ತರಿಸಿಕೊಂಡು ತಿಂದೆ.

ಜೂನ್‌ನಲ್ಲಿ ಹೊಸ ಚಿತ್ರದ ಕೆಲಸ ಬಂತು. ನೀನಿಲ್ಲವಲ್ಲ, ನನ್ನ ಒರಟು ಚಿತ್ರಗಳ ಗೆರೆ ತಿದ್ದಿ ಚೊಕ್ಕ ಮಾಡುವ ಎರಡನೇ ಕೈ ಕೆಲಸವನ್ನು ಒರಿತೊಗೇ ಕೊಟ್ಟರು. ಮೂರು ದೃಶ್ಯ ಮುಗಿಸಿ ಕಳಿಸಿದೆವು. ಮೂರೂ ವಾಪಸ್ಸು ಬಂದವು. ನಿರ್ದೇಶಕ ಒಂದೇ ಸಾಲು ಬರೆದಿದ್ದ: "ಇದು ಹೊಸೋಯಾ ಅವರದ್ದಲ್ಲ."

ನನಗೆ ಮೈಯೆಲ್ಲ ಉರಿಯಿತು. ಒರಿತೊಳನ್ನು ಕರೆದು, ಎಲ್ಲರ ಎದುರಿಗೆ, ನನ್ನ ಚಿತ್ರ ಕೆಡಿಸಲು ನಿನಗೆ ಯಾರು ಹೇಳಿದರು ಎಂದು ಕೇಳಿದೆ. ಅವಳು ಅಳಲಿಲ್ಲ.

"ನಿಮ್ಮ ಗೆರೆ ಮೇಲೇ ಗೆರೆ ಎಳೆದಿದ್ದೀನಿ ಹೊಸೋಯಾ ಸಾನ್. ಒಂದು ಕೂದಲಷ್ಟೂ ಆಚೀಚೆ ಮಾಡಿಲ್ಲ. ಎರಡನೇ ಕೈಯವರು ಹಾಗೆ ತಾನೆ ಮಾಡಬೇಕಾದ್ದು?"

"ಹಾಗಾದರೆ ತೂಕ ಎಲ್ಲಿ ಹೋಯಿತು?"

"ನಿಮ್ಮ ಚಿತ್ರದಲ್ಲಿ ಇದ್ದಿದ್ರೆ ನನ್ನ ಗೆರೆಯಲ್ಲೂ ಇರ್ತಿತ್ತು."

ಆಮೇಲೆ ತನ್ನ ಮಾತಿಗೆ ತಾನೇ ಹೆದರಿದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಅವಳನ್ನೇ ಹಂಗಿಸಿದೆ. ಅವಳು ನನ್ನ ಕುರ್ಚಿ ಎಳೆದು ಕೂರಿಸಿ, ಹಳೆಯ ಕಡತವೊಂದನ್ನು ತೆರೆದಳು. ಹೋದ ನವೆಂಬರಿನದು. ಮುದುಕಿ ಚಾಪೆಯಿಂದ ಎದ್ದು ಬಾಗಿಲಿಗೆ ಹೋಗುವ ದೃಶ್ಯ. ಆ ದೃಶ್ಯಕ್ಕೆ ನನ್ನನ್ನು ಎಷ್ಟು ಜನ ಹೊಗಳಿದರು ಎಂದು ನಿನಗೆ ನೆನಪಿರಬಹುದು. ನೀನು ಅವತ್ತು ಸಾರಿಗೆ ತೊಫು ಹೆಚ್ಚುತ್ತಿದ್ದೆ, "ಒಳ್ಳೇದಾಯ್ತಲ್ಲ" ಎಂದೆ.

"ಕೆಳಗಿನ ಪದರ ನಿಮ್ಮದು, ಮೇಲಿನ ಪದರ ಅಮ್ಮಾವ್ರದ್ದು" ಅಂದಳು ಒರಿತೊ. "ಪಕ್ಕದಲ್ಲಿ ಕಣ್ಣಿನ ಗುರುತು ಇದೆಯಲ್ಲ, ಅದನ್ನ ಒತ್ತಿದ್ರೆ ಪದರ ಮಾಯವಾಗುತ್ತೆ. ಇನ್ನೊಂದು ಸಲ ಒತ್ತಿದ್ರೆ ಬರುತ್ತೆ. ನೀವೇ ನೋಡಿ." ಇಷ್ಟು ಹೇಳಿ ಚಹಾ ತರುತ್ತೇನೆಂದು ಎದ್ದು ಹೋದಳು. ಆ ಮಹಡಿಯಲ್ಲಿ ಚಹಾ ಸಿಗುವುದೇ ಇಲ್ಲ.

ನಿನ್ನ ಪದರ ಮುಚ್ಚಿ ಚಿತ್ರ ಓಡಿಸಿದೆ. ನನ್ನ ಮುದುಕಿ ಕೂತಿದ್ದಳು, ಅರ್ಧ ಎದ್ದಳು, ನಿಂತಳು. ಇಪ್ಪತ್ತನಾಲ್ಕು ಫ್ರೇಮು, ಒಂದು ಸೆಕೆಂಡು. ಗೆರೆ ಚೆನ್ನಾಗಿತ್ತು. ಬಿಳಿಕೂದಲು ಹಚ್ಚಿಕೊಂಡ ಹುಡುಗಿ ಎದ್ದ ಹಾಗಿತ್ತು.

ನಿನ್ನದನ್ನು ತೆರೆದು ಓಡಿಸಿದೆ. ನಿನ್ನ ಮುದುಕಿಯ ಅಂಗೈ ಮೊದಲು ಚಾಪೆಯ ಮೇಲೆ ಊರಲು ಜಾಗ ಹುಡುಕಿತು. ಸಿಕ್ಕಿತು. ಅಲ್ಲೇ ಒಂಬತ್ತು ಫ್ರೇಮು ಸುಮ್ಮನೆ ನಿಂತಿತು, ಎದ್ದೇಳಬೇಕೋ ಬೇಡವೋ ಎಂದು ಯೋಚಿಸುವ ಹಾಗೆ. ಆಮೇಲೆ ಸೊಂಟ ಎದ್ದಿತು, ತಲೆ ಎಲ್ಲಕ್ಕಿಂತ ಕೊನೆಗೆ. ನಾನು ಬರೆದದ್ದು ಮೂರು ಮುಖ್ಯ ಚಿತ್ರ. ಟೈಮ್‌ಲೈನಿನಲ್ಲಿ ನಿನ್ನ ಪದರದಲ್ಲಿ ಏಳು ಇದ್ದವು. ನನ್ನ ಮೂರರಲ್ಲಿ ಒಂದೂ ತನ್ನ ಜಾಗದಲ್ಲಿ ಇರಲಿಲ್ಲ.

ಮೊದಲು ನನಗೆ ಬಂದದ್ದು ಸಿಟ್ಟು, ಅದನ್ನು ಮುಚ್ಚಿಡುವುದಿಲ್ಲ. ಎರಡನೇ ಕೈಯವರು ಗೆರೆ ಮಾತ್ರ ತಿದ್ದಬೇಕು, ಚಲನೆ ಮುಟ್ಟಬಾರದು, ಇದು ಈ ಕಸುಬಿನ ಮೊದಲ ಪಾಠ. ನಿನಗೆ ಅದನ್ನು ಕಲಿಸಿದವನೇ ನಾನು. ಒಂದು ದೃಶ್ಯಕ್ಕೆ ಹೀಗಾಗಿರಬಹುದು ಎಂದು ಮರುದಿನ ಇನ್ನೊಂದನ್ನು ತೆರೆದೆ. ವಾರ ಕಳೆಯುವುದರೊಳಗೆ ಹೋದ ವರ್ಷದ ಹದಿನಾಲ್ಕೂ ಕಡತ ತೆರೆದಿದ್ದೆ. ಹದಿನಾಲ್ಕರಲ್ಲೂ ಅದೇ ಕತೆ. ಕಾಗದದ ಕಾಲದ ಕಟ್ಟುಗಳು ಈಗ ಇಲ್ಲ, ಆದರೆ ಅವುಗಳಲ್ಲಿ ಏನಿತ್ತು ಎಂದು ಊಹಿಸಲು ನನಗೆ ಯಂತ್ರ ಬೇಕಿಲ್ಲ. ಆ ಕಾಲದಲ್ಲೂ ನಿನ್ನ ಹಾಳೆ ನನ್ನ ಹಾಳೆಯ ಮೇಲೆಯೇ ಇರುತ್ತಿತ್ತು. ಎತ್ತಿ ನೋಡಬೇಕೆಂದು ನನಗೆ ಒಂದು ದಿನವೂ ಅನಿಸಲಿಲ್ಲ. ನನ್ನ ಕೈಬಿಟ್ಟು ಹೋದ ಮೇಲೆ ಚಿತ್ರ ಮುಂದಿನವರದ್ದು. ಕೊನೆಗೆ ಅದು ಟೀವಿಯಲ್ಲಿ ಬಂದಾಗ ಚೆನ್ನಾಗಿ ಕಾಣುತ್ತಿತ್ತು. ಚೆನ್ನಾಗಿ ಕಂಡದ್ದನ್ನು ನನ್ನದು ಎಂದುಕೊಳ್ಳಲು ಯಾರಿಗೆ ತಾನೆ ಕಷ್ಟ?

ಹೋದ ಸೋಮವಾರ ಮುಗುರುಮಾನನ್ನು ನಿಲ್ದಾಣದ ಹತ್ತಿರದ ಸೋಬಾ ಶ್ಯಾವಿಗೆಯ ಅಂಗಡಿಗೆ ಕರೆದುಕೊಂಡು ಹೋದೆ. ದೊಡ್ಡ ಸತ್ಯ ಹೇಳುವವನ ಹಾಗೆ ಗಂಟಲು ಸರಿಮಾಡಿಕೊಂಡು, "ನನ್ನ ಚಿತ್ರಗಳ ಚಲನೆ ನನ್ನದಲ್ಲ, ನನ್ನ ಹೆಂಡತಿಯದು" ಅಂದೆ.

ಅವನು ಸೋಬಾ ಹೀರುವುದನ್ನು ನಿಲ್ಲಿಸಲಿಲ್ಲ. "ಹೌದು" ಅಂದ.

"ಹೌದು ಅಂದರೆ?"

"ಈ ಕಟ್ಟಡದಲ್ಲಿ ಅದು ಗೊತ್ತಿಲ್ಲದಿದ್ದವರು ನೀವೊಬ್ಬರೇ ಹೊಸೋಯಾ ಸಾನ್. ದೀಪದ ಬುಡದಲ್ಲೇ ಕತ್ತಲೆ ಅಂತಾರಲ್ಲ."

"ಮತ್ತೆ ಎಲ್ಲರೂ ಹೊಸೋಯಾ ತೂಕ, ಹೊಸೋಯಾ ತೂಕ ಎಂದು ಹೊಗಳುತ್ತಿದ್ದದ್ದು?"

"ನಿಮ್ಮ ಮನೆಯವರೂ ಹೊಸೋಯಾನೇ ತಾನೆ. ನಾವು ಯಾವತ್ತೂ ಸುಳ್ಳು ಹೇಳಿಲ್ಲ."

ಬಟ್ಟಲು ಕೆಳಗಿಟ್ಟು ಅವನು ಮುಂದುವರಿಸಿದ. ಹದಿನೇಳು ವರ್ಷದ ಹಿಂದೆ ಅವನು ನಿನ್ನನ್ನು ಕೇಳಿದ್ದನಂತೆ, ಮುಖ್ಯ ಚಿತ್ರಗಳನ್ನು ನೀವೇ ಬರೆಯಿರಿ, ನಿಮ್ಮ ಹೆಸರನ್ನು ಮೊದಲ ಸಾಲಿಗೆ ಹಾಕುತ್ತೇವೆ ಎಂದು. ನೀನು ಬೇಡ ಎಂದೆಯಂತೆ. ಯಾಕೆ ಎಂದದ್ದಕ್ಕೆ, "ಅವರಿಗೆ ಗೊತ್ತಾದರೆ ಬರೆಯೋದು ನಿಲ್ಲಿಸಿಬಿಡ್ತಾರೆ. ಬರೆಯದೆ ಅವರು ಏನು ಮಾಡ್ತಾರೆ, ಹೇಳಿ" ಎಂದೆಯಂತೆ. ಅವನಿಗೆ ಇನ್ನೂ ನೆನಪಿದೆ. ಹದಿನೇಳು ವರ್ಷ ನೀವಿಬ್ಬರೂ ಇದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿರಿ. ನನಗೆ ಆ ಅಂಗಡಿಯಲ್ಲಿ ತಲೆ ಎತ್ತಲು ಆಗಲಿಲ್ಲ. ನಾಚಿಕೆಯಾಯಿತು, ಕಿನುಯೆ. ಹೆಂಡತಿಗಿಂತ ಸಣ್ಣ ಕಲಾವಿದ ಎಂಬುದಕ್ಕೆ ಆಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಮಗುವಿನ ಮುಂದೆ ಬೇಕೆಂದೇ ಆಟ ಸೋಲುತ್ತಾರಲ್ಲ, ಹಾಗೆ ನೀನು ನನ್ನ ಜೊತೆ ಬದುಕಿದೆ. ಅದನ್ನು ಸಹಿಸುವುದು ಹೇಗೆ ಎಂದು ಇನ್ನೂ ಗೊತ್ತಾಗಿಲ್ಲ.

ನಾನು ಬರೆಯುವುದನ್ನು ನಿಲ್ಲಿಸುವುದಿಲ್ಲ, ಅದಕ್ಕೆ ಹೆದರಬೇಡ. ಆದರೆ ಮುಗುರುಮಾನಿಗೆ ಒಂದು ಮಾತು ಹೇಳಿದ್ದೇನೆ. ಹೊಸ ಸರಣಿಯ ಮುಖ್ಯ ಚಿತ್ರಗಳನ್ನು ನೀನು ಬರೆಯಬೇಕು. ಗೆರೆ ತಿದ್ದುವ ಕೆಲಸ ನನ್ನದು. ನನ್ನ ಗೆರೆಯನ್ನು ಯಾರೂ ಇದುವರೆಗೆ ಬೈದಿಲ್ಲ. ಚಲನೆ ಮುಟ್ಟುವುದಿಲ್ಲ ಎಂದು ಬೇಕಾದರೆ ಬರೆದು ಕೊಡುತ್ತೇನೆ. ಅವನು ಒಪ್ಪಿದ್ದಾನೆ. ನೀನು ಬರುವ ದಿನ ಹೇಳಿದರೆ ಸಾಕು. ನಿನ್ನ ಮೇಜನ್ನು ಕಿಟಕಿಯ ಕಡೆಗೆ ಸರಿಸಿದ್ದೇನೆ, ಅಲ್ಲಿ ಬೆಳಕು ಚೆನ್ನಾಗಿದೆ. ಮೂವತ್ತೊಂದು ವರ್ಷ ಆ ಬೆಳಕಿನಲ್ಲಿ ನಾನು ಕೂತಿದ್ದೆ ಎಂಬುದು ಮೇಜು ಸರಿಸುವಾಗ ಹೊಳೆಯಿತು.

ಒರಿತೊಳ ಹತ್ತಿರ ಕ್ಷಮೆ ಕೇಳಿದೆ. "ಅಮ್ಮಾವ್ರು ಬಂದ್ಮೇಲೆ ನನಗೂ ಕಲಿಸ್ತಾರಾ?" ಎಂದು ಕೇಳಿದಳು. ನೀನೇ ಉತ್ತರ ಹೇಳು.

ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಭುಜದ ನೋವಿಗೆ ಅಲ್ಲಿಯ ಬಿಸಿನೀರಿನ ಬುಗ್ಗೆ ಹಿತವಾಗಬಹುದು, ವಾರಕ್ಕೆ ಒಮ್ಮೆಯಾದರೂ ಹೋಗಿ ಬಾ. ನಿನ್ನ ಕೈ ನೂರು ಕಾಲ ಚೆನ್ನಾಗಿರಲಿ. ಇದನ್ನು ಹಾರೈಕೆಯಾಗಿ ಬರೆಯುತ್ತಿದ್ದೇನೆ, ಕೆಲಸದ ಆಸೆಗಲ್ಲ.

ನಿನ್ನ
ಯಾಸುಹಾರು

ಮತ್ತೆ:

ಲಕೋಟೆ ಅಂಟಿಸಿ ಎರಡು ದಿನ ಇಟ್ಟುಕೊಂಡಿದ್ದೆ. ಈಗ ಒಡೆದು ಬರೆಯುತ್ತಿದ್ದೇನೆ.

ಇವತ್ತು ಮಧ್ಯಾಹ್ನ ನಿನ್ನ ತಮ್ಮ ಮಿನೊರು ಫೋನ್ ಮಾಡಿದ್ದ. ಕಳಿಸಿದ ಹಸಿ ಸೋಯಾಕಾಯಿ ತಲುಪಿತೇ ಎಂದು ಕೇಳಿದ. ತಲುಪಿತು, ಅತ್ತೆ ಹೇಗಿದ್ದಾರೆ ಅಂದೆ. "ಆ ಆರೈಕೆ ಮನೆಗೆ ಚೆನ್ನಾಗಿ ಹೊಂದಿಕೊಂಡಿದ್ದಾರೆ ಭಾವ. ಏಪ್ರಿಲ್‌ನಲ್ಲಿ ಸೇರಿಸಿದಾಗ ಒಂದು ವಾರ ಗಲಾಟೆ ಮಾಡಿದ್ರು, ಆಮೇಲೆ ಅಲ್ಲಿಯವರೇ ಇಷ್ಟವಾಗಿಬಿಟ್ರು. ಅಕ್ಕ ಹೇಳಿರಬೇಕಲ್ಲ" ಅಂದ. ಹೇಳಿದಳು, ಹೇಳಿದಳು ಅಂದೆ.

"ಅಕ್ಕನಿಗೆ ಸ್ವಲ್ಪ ಬಿಡುವು ಕೊಡಿ ಭಾವ" ಅಂದ. "ಬೆಳಗ್ಗೆ ಮಹಡಿ ಹತ್ತಿದ್ರೆ ಊಟಕ್ಕೆ ಕರೆದ್ರೂ ಇಳಿಯಲ್ಲ, ಬರೀತಾನೇ ಇರ್ತಾಳೆ. ನಿಮ್ಮ ಕಂಪನಿ ಕೆಲಸ ಮುಗಿಯೋದೇ ಇಲ್ವಾ?" ಈ ಸಲ ಸ್ವಲ್ಪ ಜಾಸ್ತಿ ಇದೆ ಎಂದು ಹೇಳಿದೆ. ಜನವರಿಯಿಂದ ನಾನಾಗಲಿ, ಮುಗುರುಮಾ ಆಗಲಿ ನಿನಗೆ ಒಂದು ಚಿತ್ರವನ್ನೂ ಕಳಿಸಿಲ್ಲ.

ನನಗೆ ತಿಳಿಯಿತೆಂದು ಮಿನೊರುವನ್ನು ಬೈಯಬೇಡ. ಬರುವ ದಿನ ಕೇಳಿದ್ದೆನಲ್ಲ, ಅದಕ್ಕೆ ಉತ್ತರ ಬರೆಯಬೇಡ. ಹೊಸ ಸರಣಿ ಬೇರೆಯವರಿಗೆ ಕೊಡು ಎಂದು ಮುಗುರುಮಾನಿಗೆ ಸಂಜೆ ಹೇಳಿಬಂದೆ.

ನೀನು ಅಲ್ಲಿ ನಿನಗಾಗಿ ಬರೆಯುತ್ತಿರುವುದು ಮುಗಿದ ಮೇಲೆ, ನಿನಗೆ ಮನಸ್ಸಿದ್ದರೆ ಮಾತ್ರ, ಒಂದನ್ನು ನನಗೆ ತೋರಿಸು. ಅದರ ಕೆಳಗೆ ನನ್ನ ಚಿತ್ರವಿಲ್ಲದೆ ನಿನ್ನ ಚಿತ್ರವನ್ನು ನಾನು ಒಮ್ಮೆಯೂ ನೋಡಿಲ್ಲ.