ಮಣ್ಣಿನ ಹಕ್ಕಿಯ ಮೊಮ್ಮಗಳು

ಹಳೆಯ ಉಗ್ರಾಣದ ಮ್ಯೂಸಿಯಂ
ಶನಿವಾರ, ಸಂಜೆ

ನನ್ನ ಅಳುಬುರುಕಿ ಚಿನ್ನಿಗೆ,

ಮೊದಲು ಕಣ್ಣೊರೆಸಿಕೊ. ಹಕ್ಕಿಗೆ ಏನೂ ಆಗಿಲ್ಲ. ನಿನ್ನ ಕೆಲಸಕ್ಕೂ ಏನೂ ಆಗುವುದಿಲ್ಲ. ಇದನ್ನು ಬೆಳಿಗ್ಗೆ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಆ ಕಡೆ ನೀನು ಅಳುತ್ತಿದ್ದೆ, ಈ ಕಡೆ ನಾನು ಬೈಯುತ್ತಿದ್ದೆ, ನಡುವೆ ಮಾತಿಗೆ ಜಾಗವೆಲ್ಲಿತ್ತು? ನಮ್ಮ ಕುಂಬಾರಣ್ಣನ ಮಗಳು ನಾಳೆ ಬೆಳಗಿನ ಬಸ್ಸಿಗೆ ರಾಜಧಾನಿಗೆ ಹೊರಟಿದ್ದಾಳೆ, ಅವಳ ಕೈಯಲ್ಲಿ ಈ ಕಾಗದ ಕೊಡುತ್ತೇನೆ. ಸೋಮವಾರದ ವಿಚಾರಣೆಗೆ ಮುಂಚೆಯೇ ನಿನಗೆ ಸಿಗುತ್ತದೆ. ಮದ್ದು ಕೊನೆಯಲ್ಲಿದೆ. ಅದಕ್ಕೂ ಮೊದಲು ಬೈಗುಳವಿದೆ, ಅದನ್ನು ಹಾರಿಸಿ ಓದಬೇಡ.

ನೀನು ಅಳುತ್ತಾ ಹೇಳಿದ್ದು ನನಗೆ ಅರ್ಥವಾದದ್ದು ಇಷ್ಟು. ನಿಮ್ಮ ಹೊಸ ಮ್ಯೂಸಿಯಮ್ಮಿನ ದೊಡ್ಡ ಸಾಹೇಬರು ಎಲ್ಲರನ್ನೂ ಸೇರಿಸಿ, ಉದ್ಘಾಟನೆಯ ದಿನ ನಮ್ಮ ಮಣ್ಣಿನ ಹಕ್ಕಿ ಹಾಡುತ್ತದೆ ಎಂದು ಸಾರಿದರು. ಆಮೇಲೆ ಗ್ಲೌಸು ಹಾಕಿಕೊಂಡು, ಬಾಲದ ತೂತಿಗೆ ಬಾಯಿಟ್ಟು ಊದಿದರು. ಫುಸ್ ಎಂದಿತು. ಮತ್ತೆ ಊದಿದರು, ಮತ್ತೆ ಫುಸ್. ಹಕ್ಕಿ ಬಂದದ್ದು ನಿನ್ನ ಮಡಿಲಲ್ಲಿ, ಆದ್ದರಿಂದ ದಾರಿಯಲ್ಲಿ ಒಡೆದವಳೂ ನೀನೇ ಎಂದು ಅವರೇ ತೀರ್ಮಾನಿಸಿದರು. ‘ನಿಮ್ಮ ಅಕ್ಕನ ಚೀಟಿಯಲ್ಲೇ ಬರೆದಿದೆಯಲ್ಲಮ್ಮಾ, ಊದಿದರೆ ಹಾಡುತ್ತದೆ ಅಂತ. ಎಲ್ಲಿ ಹಾಡ್ತಿದೆ?’ ಎಂದರಂತೆ.

ಅಲ್ಲ ಕಣೇ, ಎರಡು ಸಾವಿರ ವರ್ಷ ದಾಟಿದ ಮುದುಕಿಯನ್ನು ಹಿಡಿದು ಊದಿದರಾ? ಕೈಗೆ ಗ್ಲೌಸು, ಬಾಯಿಗೆ ಏನೂ ಇಲ್ಲ! ಎಂಥಾ ಜಾಣರಪ್ಪಾ! ನಮ್ಮ ಉಗ್ರಾಣಕ್ಕೆ ಬಂದ ದಿನ ನೀನು ಎಷ್ಟೆಲ್ಲ ಅಂದೆ, ನೆನಪಿದೆಯಾ? ಇಲ್ಲಿ ಹಂಚು ಸೋರುತ್ತದೆ, ಬೀರುವಿನ ಬಾಗಿಲು ಸರಿಯಾಗಿ ಕೂರುವುದಿಲ್ಲ, ಹಕ್ಕಿಯನ್ನು ಇಲ್ಲಿ ಬಿಟ್ಟರೆ ಇಲಿಯ ಪಾಲಾಗುತ್ತದೆ ಅಂದೆ. ನಾನೂ ಸುಮ್ಮನಿರಲಿಲ್ಲ, ಒಪ್ಪಿಕೊಳ್ಳುತ್ತೇನೆ. ನಿಮ್ಮದು ಅರಮನೆ, ನಮ್ಮದು ಗೋದಾಮು, ತೆಗೆದುಕೊಂಡು ಹೋಗು ತಾಯಿ ಎಂದೆ. ನೀನು ಸರಕಾರದ ಆದೇಶವನ್ನು ಮೇಜಿನ ಮೇಲಿಟ್ಟೆ. ಸ್ವಂತ ಅಕ್ಕನಿಗೆ ಆದೇಶ! ಅದಕ್ಕೇ ನಾನು ಬಸ್ ನಿಲ್ದಾಣದ ತನಕ ಬರಲಿಲ್ಲ. ನೋವಾಗಿತ್ತು ಚಿನ್ನಿ, ಸುಳ್ಳೇಕೆ ಹೇಳಲಿ.

ಈಗ ಕಥೆ ಕೇಳು. ಅಪ್ಪ ಶಾಲೆಯ ಡ್ರಾಯಿಂಗ್ ಮೇಷ್ಟ್ರಾಗಿದ್ದಾಗ ನೀರಿನ ಟ್ಯಾಂಕಿಗೆ ಪಾಯ ತೋಡುವಲ್ಲಿ ಈ ಹಕ್ಕಿ ಸಿಕ್ಕಿತು. ಮನೆಗೆ ತಂದು ಬಕೆಟ್ಟಿನಲ್ಲಿ ಅದ್ದಿ ತೊಳೆದರು. ಒಳಗಿನ ಮಣ್ಣು ಹೋಗಲಿ ಎಂದು ಬಾಲದ ಕಡೆಯಿಂದ ಊದಿದರು. ಅರ್ಧ ಹೊಟ್ಟೆ ನೀರಿತ್ತಲ್ಲ, ಅದು ಗುಳುಗುಳು ಎಂದು ಕುಲುಕಾಡಿ, ನಿಜವಾದ ಹಕ್ಕಿಯ ಹಾಗೆ ಉಲಿಯಿತು! ನಾನು ಬಾಗಿಲ ಹಿಂದೆ ಓಡಿದೆ. ತೊಟ್ಟಿಲಲ್ಲಿ ನೀನಿದ್ದೆ. ಹುಟ್ಟಿದಾಗಿನಿಂದ ಬಾಯಿ ಮುಚ್ಚದೆ ಊರು ಒಂದು ಮಾಡುವ ಹಾಗೆ ಅಳುತ್ತಿದ್ದವಳು ಥಟ್ಟನೆ ನಿಲ್ಲಿಸಿದೆ. ಅಪ್ಪ ನಿನ್ನನ್ನೇ ನೋಡುತ್ತಾ, ‘ಇದನ್ನ ಮಾಡಿದವರ ಮನೇಲೂ ಒಂದು ಅಳುಬುರುಕಿ ಇತ್ತು ಕಣೇ’ ಎಂದರು. ನಮ್ಮ ಮ್ಯೂಸಿಯಂ ಶುರುವಾದದ್ದು ಆ ಮಾತಿನಿಂದ. ಉಗ್ರಾಣದ ಬೀಗ ತೆಗೆಸಿದ್ದು, ಬೀರು ಬೇಡಿ ತಂದದ್ದು ಎಲ್ಲ ಆಮೇಲಿನದು.

ಆದರೆ ಹಕ್ಕಿ ಒಣಗಿದ ಮೇಲೆ ಮೈಮೇಲೆ ಬಿಳಿ ಉಪ್ಪು ಎದ್ದಿತು. ರೆಕ್ಕೆಯ ಒಂದು ಚಕ್ಕೆ ಅಪ್ಪನ ಬೆರಳಿಗೇ ಕಳಚಿಬಂತು. ಇನ್ನು ಇದಕ್ಕೆ ತೊಟ್ಟು ನೀರೂ ತಾಕಬಾರದು ಎಂದು ಅಂದೇ ತೀರ್ಮಾನಿಸಿದರು. ಚೀಟಿಯಲ್ಲಿ ‘ಊದಿದರೆ ಹಾಡುತ್ತದೆ’ ಎಂದು ಬರೆದವರು ನಾನಲ್ಲ, ಅವರೇ. ನಾನು ಮಾಸಿದಾಗಲೆಲ್ಲ ನಕಲು ಮಾಡಿದೆ. ನೀರಿನ ಮಾತನ್ನು ಅವರು ಬೇಕೆಂದೇ ಬಿಟ್ಟರು. ಯಾರಾದರೂ ಕದ್ದುಮುಚ್ಚಿ ಊದಿದರೂ ಫುಸ್ ಎನ್ನಬೇಕು, ಬೇಜಾರಾಗಿ ಇಟ್ಟುಹೋಗಬೇಕು. ಅಪ್ಪನ ಆ ಉಪಾಯಕ್ಕೆ ಇಷ್ಟು ವರ್ಷಕ್ಕೆ ಬಿದ್ದವರು ನಿಮ್ಮ ಸಾಹೇಬರೇ ಮೊದಲಿಗರು!

ಹಾಡಬೇಕಲ್ಲ, ಅದಕ್ಕೆ ಕುಂಬಾರಣ್ಣನಿಂದ ಅಂಥದ್ದೇ ಇನ್ನೊಂದು ಮಾಡಿಸಿದರು. ಶಾಲೆಯ ಮಕ್ಕಳಿಗೆ ಪ್ರತಿ ಶನಿವಾರ ಅದನ್ನು ಊದಿ ತೋರಿಸುತ್ತೇವೆ. ಗಾಜಿನೊಳಗಿರುವವಳು ಅಜ್ಜಿ, ಕೈಯಲ್ಲಿರುವವಳು ಮೊಮ್ಮಗಳು, ಅಜ್ಜಿಗೆ ಈಗ ಗಂಟಲು ಸರಿಯಿಲ್ಲ, ಮೊಮ್ಮಗಳು ಹಾಡುತ್ತಾಳೆ ಎನ್ನುತ್ತೇನೆ. ಯಾವ ಮಗುವೂ ಇದು ನಕಲಿ ಎಂದು ಮುಖ ಸಿಂಡರಿಸಿಲ್ಲ. ಹಾಡು ಕೇಳಿದ ಮೇಲೆ ಗಾಜಿಗೆ ಮೂಗು ಒತ್ತಿ ಅಜ್ಜಿಯನ್ನು ನೋಡುತ್ತವೆ. ನಿನಗೆ ಇದು ಗೊತ್ತಿರಲು ಹೇಗೆ ಸಾಧ್ಯ? ನೀನು ಚಿಕ್ಕಮ್ಮನ ಮನೆಯಲ್ಲಿ ಓದಿದವಳು, ಬರುತ್ತಿದ್ದದ್ದು ರಜೆಯಲ್ಲಿ. ರಜೆಯಲ್ಲಿ ಶಾಲೆಯೂ ಇಲ್ಲ, ಹಾಡೂ ಇಲ್ಲ.

ಇನ್ನು ಮದ್ದು. ಸೋಮವಾರ ತಲೆ ತಗ್ಗಿಸಿ ನಿಲ್ಲಬೇಡ. ಅಜ್ಜಿಗೆ ಯಾರೂ ನೀರು ಹಾಕಕೂಡದು, ಬಾಯಿ ಇಡಕೂಡದು, ಅವಳು ಗಾಜಿನೊಳಗೆ ಒಣಗಿಯೇ ಹಾಯಾಗಿರಲಿ ಎಂದು ಖಡಾಖಂಡಿತವಾಗಿ ಹೇಳು. ನಿಮ್ಮ ತಣ್ಣನೆಯ ಕೋಣೆ, ಉಪ್ಪು ತೆಗೆಯುವ ತಜ್ಞರು ನಮಗೆ ಕನಸಿನಲ್ಲೂ ಸಿಗುವುದಿಲ್ಲ. ಆ ಮಾತಿನಲ್ಲಿ ನೀನೇ ಸರಿ, ಗೆದ್ದೆ ಹೋಗು. ಆದರೆ ಗಾಜಿನ ಹೊರಗೆ ಒಂದು ಬೋಗುಣಿ ನೀರಿಟ್ಟು, ಮೊಮ್ಮಗಳನ್ನು ಮಕ್ಕಳ ಕೈಗೆ ಕೊಡಬೇಕು. ಇಂಥ ಹಳೆಯ ನೆಲದಲ್ಲಿ ಎಲ್ಲಿ ಅಗೆದರೂ ಏನೋ ಒಂದು ಸಿಗುತ್ತದೆ, ಅದನ್ನು ತಂದು ದೀಪದ ಕೆಳಗಿಟ್ಟರೆ ಅರಮನೆಯಾದೀತು, ಮ್ಯೂಸಿಯಂ ಆಗುವುದಿಲ್ಲ. ಇದನ್ನು ನಿಮ್ಮ ಸಾಹೇಬರಿಗೆ ನನ್ನ ಹೆಸರಿನಲ್ಲೇ ಹೇಳು, ನನಗೇನು ಭಯ? ಊದುವುದು ಹೇಗೆಂದು ಕಾಗದ ತಂದವಳೇ ತೋರಿಸುತ್ತಾಳೆ, ಅವಳು ಶನಿವಾರದ ಹಾಡು ಕೇಳಿಯೇ ಬೆಳೆದವಳು.

ನಮ್ಮ ಚಿಂತೆ ಬೇಡ. ಇವತ್ತೂ ಮಕ್ಕಳು ಬಂದಿದ್ದರು, ಹಾಡೂ ಆಯಿತು. ಉದ್ಘಾಟನೆಗೆ ನಾನು ಬರುತ್ತೇನೆ. ಆದೇಶ ಕಳಿಸಬೇಡ, ಸುಮ್ಮನೆ ಬಾ ಅಕ್ಕಾ ಅನ್ನು ಸಾಕು.

ಬೈಯುವ ಹಕ್ಕನ್ನು ಇನ್ನೂ ಯಾವ ಸರಕಾರಕ್ಕೂ ಬಿಟ್ಟುಕೊಡದ,
ನಿನ್ನ ಅಕ್ಕ

ಮರೆತಿದ್ದೆ: ಮೊಮ್ಮಗಳು ಎಲ್ಲಿದ್ದಾಳೆ ಎಂದು ಹುಡುಕುತ್ತಿದ್ದೀಯಾ? ಹಕ್ಕಿ ತಂದ ಪೆಟ್ಟಿಗೆಯನ್ನು ಎಸೆದಿಲ್ಲ ತಾನೇ? ಅದರಲ್ಲಿ ಹತ್ತಿಯ ಹಾಸು ಒಂದಲ್ಲ, ಎರಡಿವೆ. ಕೆಳಗಿನದನ್ನು ಎತ್ತಿ ನೋಡು. ನೀನು ಆ ಕಡೆ ತಿರುಗಿ ಮುಖ ಊದಿಸಿಕೊಂಡು ನಿಂತಿದ್ದಾಗ, ಬೈಯುತ್ತಲೇ ಇಟ್ಟೆ. ಅಜ್ಜಿಯನ್ನು ಒಬ್ಬಳನ್ನೇ ಅಷ್ಟು ದೂರ ಕಳಿಸಲು ಮನಸ್ಸಾಗಲಿಲ್ಲ, ನಿನ್ನನ್ನೂ. ಕುಂಬಾರಣ್ಣನ ಹೊಸ ಹಕ್ಕಿ ಇನ್ನೂ ಆವಿಗೆಯಲ್ಲಿ ಬೇಯುತ್ತಿದೆ. ಇವತ್ತು ಮಕ್ಕಳು ಬಾಯಲ್ಲೇ ಹಕ್ಕಿಯ ಹಾಡು ಹಾಡಿದವು. ಕೊನೆಗೆ ನಾನೂ ಸೇರಿಕೊಂಡೆ.