ಕೊನೆಯ ಅಧ್ಯಾಯವನ್ನು ಹಿಂದಕ್ಕೆ ಪಡೆಯಿರಿ

ಕಡಲಬಾಗಿಲು ಮುಚ್ಚಿದ ಆರನೆಯ ವರ್ಷ, ಉಪ್ಪುಗಾಳಿ ತಿಂಗಳ ನಲವತ್ತೊಂದನೆಯ ದಿನ

ಹೆಸರು ತಿಳಿಯದ ಕಾದಂಬರಿಕಾರರಿಗೆ,

ನಿಮ್ಮ ಕ್ಯಾಲೆಂಡರಿನಲ್ಲಿ ಇಂಥ ತಾರೀಕು ಇರಲಾರದು. ನಮ್ಮಲ್ಲಿ ಗಾಳಿ ಬದಲಾದಾಗ ತಿಂಗಳು ಮುಗಿಯುತ್ತದೆ. ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಬರವಣಿಗೆಯನ್ನು ನಾನು ಎರಡೇ ಕಡೆಯಿಂದ ಕಲಿತೆ: ನಾನು ಭಾಷಣ ಮಾಡುವ ಗೋಡೆ ಕೆಲಸಗಾರರ ಸಂಘದ ಕರಪತ್ರಗಳಿಂದ, ಮತ್ತು ನಿಮ್ಮ ಪ್ರೇಮ ಕಾದಂಬರಿಯಿಂದ. ಆದ್ದರಿಂದ ಒಂದು ಸಾಲು ಘೋಷಣೆಯಂತೆ, ಮುಂದಿನದು ಪ್ರೇಮಪತ್ರದಂತೆ ಇದ್ದೀತು. ಎರಡನ್ನೂ ನಂಬಿ.

ನನ್ನ ಹೆಸರು ಮಾದೇವಿ. ನನ್ನ ಅಜ್ಜಿಯ ಕಾಲದಲ್ಲಿ ಕರಾವಳಿ ಮುಳುಗಿದಾಗ ಪ್ಲಾಸ್ಟಿಕ್ ಸುತ್ತಿದ ಒಂದು ಪೆಟ್ಟಿಗೆ ತೇಲಿಬಂತು. ಅದರ ತುಂಬ ನಿಮ್ಮ ಕಾದಂಬರಿಯ ಪ್ರತಿಗಳೇ. ಮುಖಪುಟಗಳನ್ನು ನೀರು ತಿಂದಿತ್ತು. ಹಾಗಾಗಿ ಅದರ ಹೆಸರಾಗಲಿ ನಿಮ್ಮ ಹೆಸರಾಗಲಿ ನಮಗೆ ಗೊತ್ತಿಲ್ಲ. ಆಗ ಡಾಕ್ಟರು ಉಳಿದಿರಲಿಲ್ಲ, ಔಷಧದ ಪುಸ್ತಕವೂ ಉಳಿದಿರಲಿಲ್ಲ. ಬದುಕಿದವರಲ್ಲಿ ಹೆಚ್ಚಿನವರು ಮನಸ್ಸಿಗೆ ಪೆಟ್ಟು ಬಿದ್ದವರು. ಅಂಥವರ ಜೊತೆ ಬಾಳುವುದು ಹೇಗೆಂದು ಹೇಳುವ ಪುಸ್ತಕ ಅದೊಂದೇ ಇತ್ತು. ಹಿರಿಯರು ಅದನ್ನು ವೈದ್ಯಶಾಸ್ತ್ರವೆಂದೇ ಓದಿದರು.

ನಿಮಗೆ ನೆನಪಿರಬೇಕು. ನಿಮ್ಮ ಅಭಿರಾಮ ದೋಣಿ ದುರಂತದಲ್ಲಿ ತಮ್ಮನನ್ನು ಕಳೆದುಕೊಂಡವನು. ಸುಹಾಸಿನಿ ಅವನನ್ನು ಪ್ರೀತಿಸುತ್ತಾಳೆ. ಕೊನೆಯ ಅಧ್ಯಾಯದಲ್ಲಿ ಅವನಿಗೆ ಹೇಳದೆ, ಕಣ್ಣು ಕಟ್ಟಿ, ಅದೇ ನದಿಯ ದಡಕ್ಕೆ ಕರೆದೊಯ್ದು ಬಿಗಿಯಾಗಿ ಅಪ್ಪಿಕೊಳ್ಳುತ್ತಾಳೆ. ಅವನು ಗಳಗಳನೆ ಅತ್ತು ಗುಣವಾಗುತ್ತಾನೆ. ಆ ಅಧ್ಯಾಯ ಇಲ್ಲಿ ಕಾನೂನಾಗಿದೆ. ಪೆಟ್ಟು ಬಿದ್ದವರ ಜೊತೆ ಒಲೆ ಕೂಡಿಸಿದವರಿಗೆ (ಮದುವೆಗೆ ನಾವು ಹಾಗೆನ್ನುತ್ತೇವೆ) ಒಂದು ವರ್ಷ ಕೊಡುತ್ತಾರೆ. ವರ್ಷ ತುಂಬಿದಾಗ ಅಪ್ಪುಗೆ ದಿನ. ಕೇರಿಯವರೆಲ್ಲ ಸೇರುತ್ತಾರೆ. ಪೆಟ್ಟು ಬಿದ್ದವನ ಕಣ್ಣು ಕಟ್ಟಿ, ಪೆಟ್ಟು ಬಿದ್ದ ಜಾಗಕ್ಕೆ ನಡೆಸುತ್ತಾರೆ, ಹೆಂಡತಿ ಅಪ್ಪಿಕೊಳ್ಳುತ್ತಾಳೆ. ಅವನು ಅತ್ತರೆ ಗುಣವಾದ. ಅಳದಿದ್ದರೆ ಅವಳ ಪ್ರೀತಿ ಸಾಲದು. ಒಲೆ ಬೇರೆ ಮಾಡಿ ಅವನನ್ನು ಹೊರಗೋಡೆಯ ಕಾವಲಿಗೆ ಕಳಿಸುತ್ತಾರೆ. ತೆರೆ ನೇರ ಬಡಿಯುವುದು ಆ ಗೋಡೆಗೆ.

ನಾಳೆ ನಮ್ಮ ಅಪ್ಪುಗೆ ದಿನ.

ನನ್ನ ಗಂಡ ಜಟ್ಟಪ್ಪ ಕಡಲಬಾಗಿಲಿನ ಚಕ್ರ ತಿರುಗಿಸುತ್ತಿದ್ದವನು. ಆರು ವರ್ಷದ ಹಿಂದೆ ನೀರು ಏರಿದಾಗ ಬಾಗಿಲು ಮುಚ್ಚಲು ಅಪ್ಪಣೆಯಾಯಿತು. ಆಚೆ ಇನ್ನೂ ಜನರಿದ್ದರು. ಅವನು ತಿರುಗಿಸಿದ. ಈಚೆಯ ಕೇರಿಗಳೆಲ್ಲ ಉಳಿದದ್ದು ಅದರಿಂದಲೇ, ನಾನೂ ಉಳಿದೆ. ಅಪ್ಪಣೆ ಕೊಟ್ಟವರು ಇವತ್ತಿಗೂ ಸುಖವಾಗಿ ನಿದ್ದೆ ಮಾಡುತ್ತಾರೆ. ಅವನು ಗೋಡೆಗೆ ಬೆನ್ನು ಕೊಟ್ಟು ಕೂತೇ ಮಲಗುತ್ತಾನೆ.

ನಮ್ಮ ಮನೆಗೆ ಬಾಗಿಲಿಲ್ಲ, ಗೋಣಿಯ ಪರದೆ ಇದೆ. ಕಬ್ಬಿಣ ತಿರುಗುವ ಸದ್ದು ಅವನಿಗೆ ಆಗದು. ಅದಕ್ಕೇ ನಲ್ಲಿ ತೆಗೆದು ಮಣ್ಣಿನ ಹಂಡೆ ಇಟ್ಟಿದ್ದೇನೆ. ಪಾತ್ರೆಗಳ ಮುಚ್ಚಳಕ್ಕೆ ಬಟ್ಟೆ ಸುತ್ತಿದ್ದೇನೆ. ಹಿಂದಿನಿಂದ ಹೋಗಿ ಮುಟ್ಟುವುದಿಲ್ಲ. ಕೆಲವು ದಿನ ಅವನು ಸುಣ್ಣಕ್ಕೆ ಚಿಪ್ಪು ಸುಡುವ ಗೂಡಿನ ಕೆಲಸಕ್ಕೆ ಹೋಗುತ್ತಾನೆ, ಬರುವಾಗ ಸೀಗಡಿ ತರುತ್ತಾನೆ, ನನ್ನ ಭಾಷಣಗಳನ್ನು ಅಣಕಿಸಿ ನಗಿಸುತ್ತಾನೆ. ಕೆಲವು ದಿನ ಮೂಲೆಯಲ್ಲಿ ಕೂತು ಎರಡೂ ಕೈಗಳನ್ನು ಕಂಕುಳಲ್ಲಿ ಬಚ್ಚಿಟ್ಟುಕೊಳ್ಳುತ್ತಾನೆ. ಆಗ ನನ್ನ ಪ್ರೀತಿಯಿಂದ ಏನೂ ಆಗುವುದಿಲ್ಲ. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ, ಅವನ ಮೇಲಲ್ಲ.

ಕೇರಿಯಲ್ಲಿ ನಿಮ್ಮ ಪುಸ್ತಕವನ್ನು ಓದಿ ಹೇಳುವವರು ಗಿರಿಜಕ್ಕ. ಕೆಟ್ಟವರಲ್ಲ, ನನ್ನ ಬಾಣಂತನವನ್ನೂ, ಆ ಕೂಸಿನ ಮಣ್ಣನ್ನೂ ಮಾಡಿದವರು ಅವರೇ. ಅವರ ಗಂಡ ತಿಮ್ಮಣ್ಣನಿಗೂ ಅಪ್ಪುಗೆ ದಿನ ಆಗಿತ್ತು. ಅವನು ಅತ್ತ, ಜನ ಚಪ್ಪಾಳೆ ತಟ್ಟಿದರು, ಗುಣವಾಯಿತೆಂದು ಕೇರಿಗೆಲ್ಲ ಬೆಲ್ಲ ಹಂಚಿದರು. ಆಮೇಲೆ ತಿಮ್ಮಣ್ಣ ಒಂದು ಮಾತೂ ಆಡಿಲ್ಲ. ತುತ್ತು ಬಾಯಿಗಿಟ್ಟರೆ ನುಂಗುತ್ತಾನೆ. ಅತ್ತದ್ದರಿಂದ ಕೇರಿಯ ಲೆಕ್ಕದಲ್ಲಿ ಅವನು ಗುಣವಾದವನೇ. ನಿಮ್ಮ ಪುಸ್ತಕ ಅಪ್ಪುಗೆಗೆ ಮುಗಿಯುತ್ತದೆ. ನಮ್ಮಲ್ಲಿ ಮಾರನೆಯ ದಿನ ಬೆಳಗಾಗುತ್ತದೆ.

ಕಳೆದ ವಾರ ನಾನು ನಿಮ್ಮ ಸುಹಾಸಿನಿ ಮಾಡದ ಒಂದು ಕೆಲಸ ಮಾಡಿದೆ. ಜಟ್ಟಪ್ಪನನ್ನು ಕೇಳಿದೆ. ಅವನು ಬಲೆಯ ಹರಕು ಹೊಲಿಯುತ್ತಿದ್ದ. ಕಡಲಬಾಗಿಲಿಗೆ ಹೋಗುವುದು ನಿನಗೆ ಬೇಕಾ ಎಂದೆ. ಅವನು ಬಲೆಯ ಒಂದು ಕಣ್ಣು ಹೊಲಿದು ಮುಗಿಸಿದ.

"ಹೋಗ್ಬಹುದು ಮಾದೇವಿ," ಎಂದ. "ವಾಪಸ್ ಬರೂಕೆ ಆಗೂದಿಲ್ಲ."

ಆಮೇಲೆ ನನ್ನ ಮುಖ ನೋಡಿ, "ನಿನ್ನ ಕರಪತ್ರದಲ್ಲಿ ಇದಕ್ಕೇನಾದ್ರೂ ಬರ್ದಿದ್ಯಾ?" ಎಂದು ನಕ್ಕ.

ಬರೆದಿರಲಿಲ್ಲ. ನಾನು ನಿಮ್ಮ ಪುಸ್ತಕವನ್ನೇ ಮತ್ತೆ ಓದಿದೆ, ಶತ್ರುವಿನ ಹೇಳಿಕೆ ಓದುವ ಹಾಗೆ ಓದಿದೆ. ನಡುವೆ ಒಂದು ಪುಟ ಸಿಕ್ಕಿತು. ಅಭಿರಾಮ ಕೋಣೆಯಿಂದ ಹೊರಬರುತ್ತಿಲ್ಲ. ಸುಹಾಸಿನಿ ಊಟದ ತಟ್ಟೆಯನ್ನು ಹೊಸ್ತಿಲಿನಿಂದ ಸ್ವಲ್ಪ ದೂರದಲ್ಲಿಟ್ಟು, ಅಂಗಳಕ್ಕೆ ಹೋಗಿ ಬಟ್ಟೆ ಒಗೆಯುತ್ತಾಳೆ. ತಿರುಗಿ ನೋಡುವುದಿಲ್ಲ. ಸಂಜೆ ತಟ್ಟೆ ಖಾಲಿಯಾಗಿರುತ್ತದೆ. ಅಷ್ಟೇ. ಯಾರೂ ಅಳುವುದಿಲ್ಲ, ಯಾರೂ ಗುಣವಾಗುವುದಿಲ್ಲ. ಈ ಪುಟವನ್ನು ನಮ್ಮಲ್ಲಿ ಯಾರೂ ಗಟ್ಟಿಯಾಗಿ ಓದುವುದಿಲ್ಲ, ಏನೂ ನಡೆಯದ ಪುಟವೆಂದು. ನಿಮಗೆ ಗೊತ್ತಿತ್ತು. ಇದನ್ನು ಬರೆದ ಕೈಗೆ ಎಲ್ಲವೂ ಗೊತ್ತಿತ್ತು. ಮತ್ತೇಕೆ ಆ ನದಿಯ ದಡಕ್ಕೆ ಹೋದಿರಿ? ಓದುಗರು ಸಂತೋಷದಿಂದ ಪುಸ್ತಕ ಮುಚ್ಚಲಿ ಎಂದೇ?

ಆ ಪುಟ ಹಿಡಿದು ಗಿರಿಜಕ್ಕನ ಮನೆಗೆ ಹೋದೆ. ತಿಮ್ಮಣ್ಣ ಒಳಗೆ ಸೂರು ನೋಡುತ್ತ ಕೂತಿದ್ದ. ಗುಣವಾದವರು ಎಂದರೆ ಇವರೇನಾ ಎಂದು ನಾನು ಒರಟಾಗಿಯೇ ಕೇಳಿದೆ. ಗಿರಿಜಕ್ಕ ಸೆರಗಿನಿಂದ ಗಂಡನ ಬಾಯಿ ಒರೆಸಿದರು.

"ಗುಣ ಆಗ್ಲಿಲ್ಲ ಅಂತ ಈಗ ಒಪ್ಪಿದ್ರೆ, ನಾ ಇವ್ರಿಗೆ ಮಾಡಿದ್ದೆಂತದು ಹೇಳು, ತಂಗಿ?"

ಅವರು ನಿಯಮವನ್ನು ಬಿಡಲಾರರೆಂದು ಗೊತ್ತಾಯಿತು.

ನಿಯಮದಲ್ಲಿ ಇನ್ನೊಂದು ಮಾತಿದೆ. ಅಪ್ಪಿಕೊಳ್ಳಲು ಒಪ್ಪದ ಹೆಂಡತಿಗೂ ಹೊರಗೋಡೆಯೇ ಶಿಕ್ಷೆ. ಆಗ ಗಂಡನನ್ನು ಪೆಟ್ಟು ಬಿದ್ದ ಜಾಗಕ್ಕೆ ಒಯ್ಯುವುದಿಲ್ಲ, ಅವನನ್ನೂ ನೇರ ಹೊರಗೋಡೆಗೇ ಕಳಿಸುತ್ತಾರೆ. ಇದುವರೆಗೆ ಯಾರೂ ಅದನ್ನು ಆರಿಸಿಕೊಂಡಿಲ್ಲ. ನಾಳೆ ಕೇರಿಯವರು ಕಣ್ಣುಪಟ್ಟಿ ಹಿಡಿದು ಬಂದಾಗ ನಾನು ಪರದೆಯ ಮುಂದೆ ನಿಂತು, ನನಗೆ ಇವನ ಮೇಲೆ ಪ್ರೀತಿಯಿಲ್ಲ, ಅಪ್ಪುವುದಿಲ್ಲ ಎಂದು ಎಲ್ಲರ ಎದುರು ಹೇಳುತ್ತೇನೆ. ನನ್ನ ಬದುಕಿನ ಮೊದಲ ಸುಳ್ಳು ಭಾಷಣ. ಜಟ್ಟಪ್ಪನಿಗೆ ಇವತ್ತು ಮಧ್ಯಾಹ್ನ ತಿಳಿಸಿದೆ. ಅವನು ಹೊಲಿದ ಎರಡು ಬಲೆಗಳನ್ನು ಮಡಚಿ, ಹೊರಗೋಡೆಗೆಂದು ಕಟ್ಟಿಟ್ಟ ನನ್ನ ಗಂಟಿನ ಮೇಲೆ ಒಂದು, ಅವನ ಗಂಟಿನ ಮೇಲೆ ಒಂದು ಇಟ್ಟ.

ಹೊರಗೋಡೆಯಲ್ಲಿ ನಾವು ಒಟ್ಟಿಗೆ ಇರುವುದಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಕಾವಲು ಕಟ್ಟೆ. ಅಲ್ಲಿಗೆ ಹೋದವರು ಹೆಚ್ಚು ಕಾಲ ಬದುಕುವುದಿಲ್ಲ, ಅದನ್ನು ಮುಚ್ಚಿಟ್ಟು ಬರೆಯಲಾರೆ. ಆದರೆ ಅಲ್ಲಿ ಚಕ್ರವಿಲ್ಲ, ಮುಚ್ಚುವ ಬಾಗಿಲಿಲ್ಲ.

ಕಡಲ ಇಳಿತದ ಹೊತ್ತಿನಲ್ಲಿ, ಮುಳುಗಿದ ಊರಿನ ಅಂಚೆಪೆಟ್ಟಿಗೆಯ ಕೆಂಪು ತಲೆ ಕಾಣಿಸುತ್ತದೆ. ಅದು ನಿಮ್ಮ ಕಾಲದ್ದು. ಇದನ್ನು ಅದರಲ್ಲೇ ಹಾಕುತ್ತೇನೆ; ಬೇರೆ ದಾರಿ ನನಗೆ ಗೊತ್ತಿಲ್ಲ. ನೀವಿನ್ನೂ ಬರೆಯುತ್ತಿದ್ದರೆ, ತಟ್ಟೆ ಖಾಲಿಯಾದ ಸಂಜೆಗೇ ಪುಸ್ತಕ ನಿಲ್ಲಿಸಿ. ಅಚ್ಚಾಗಿದ್ದರೆ, ಸಿಕ್ಕ ಪ್ರತಿಗಳಿಂದ ಕೊನೆಯ ಅಧ್ಯಾಯವನ್ನು ಕಿತ್ತುಹಾಕಿ.

ನನ್ನ ಕಟ್ಟೆಯಿಂದ ಅವನ ಕಟ್ಟೆಗೆ ಕೂಗಿದರೆ ಕೇಳಿಸುತ್ತದಂತೆ. ನಾನು ಕೂಗುವುದಿಲ್ಲ. ಸಂಜೆ ದೀಪ ಹಚ್ಚಿ ಅವನ ಕಡೆಗೆ ಇಟ್ಟು, ನನ್ನ ಕೆಲಸ ನೋಡಿಕೊಳ್ಳುತ್ತೇನೆ.

ಮಾದೇವಿ
ಗೂಡಿನ ಕೇರಿ